ಹೆದ್ದಾರಿಯ ಆಚೆಯ ಒಳದಾರಿಗಳು



ಹಲಸೂರು, ಇಂದಿರಾನಗರ, ಕೃಷ್ಣರಾಜಪುರದ ಕಡೆಯ ಅನೇಕ ಮನೆಗಳಲ್ಲಿ ಈಗ ಒಂದು ವಾದ ಆಗಾಗ ಕೇಳಿಬರುತ್ತದೆ. ಮಗನೋ ಮಗಳೋ ಭಾನುವಾರ ಬೆಳಗ್ಗೆ ಸೈಕಲ್ಲಿನಲ್ಲಿ ಊರ ಹೊರಗೆ ಹೋಗಿಬರುವೆನೆಂದು ಕೇಳುವರು. ಹಿರಿಯರು ಹಳೆ ಮದರಾಸು ರಸ್ತೆಯ ಲಾರಿಗಳನ್ನು ನೆನೆದು ಬೇಡವೆನ್ನುವರು. ಹೆದ್ದಾರಿ ಬೇಡವೆಂಬ ಹಿರಿಯರ ಮಾತು ಸರಿಯೇ. ಆದರೆ ಅದನ್ನೇ ವಿಸ್ತರಿಸಿ ಸೈಕಲ್ಲೇ ಬೇಡವೆನ್ನುವುದು ಸರಿಯೆಂದು ನನಗೆ ತೋರುವುದಿಲ್ಲ. ಹೊಸಕೋಟೆಯನ್ನು ದಾಟಿದರೆ ಮಕ್ಕಳನ್ನು ನಿಶ್ಚಿಂತೆಯಿಂದ ಕರೆದೊಯ್ಯಬಹುದಾದ ದಾರಿಗಳು ಇನ್ನೂ ಉಳಿದಿವೆ. ಅವು ಎಷ್ಟು ಕಾಲ ಉಳಿಯುತ್ತವೆಂಬುದು ಬೇರೆ ಪ್ರಶ್ನೆ. ಆದಕಾರಣವೇ ಈ ಸಂಚಿಕೆಯಲ್ಲಿ ಅವನ್ನು ಕುರಿತು ಬರೆಯುತ್ತಿದ್ದೇನೆ.

ಮೊದಲು ನೆಲದ ಸ್ವರೂಪವನ್ನು ಅರಿಯೋಣ. ಬೆಂಗಳೂರಿನಿಂದ ಕೋಲಾರದವರೆಗಿನ ಸೀಮೆ ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿರುವ ಪ್ರಸ್ಥಭೂಮಿ. ಇಲ್ಲಿಯ ಏರಿಳಿತಗಳು ಸೌಮ್ಯವಾದವು. ಗಟ್ಟಿ ಏರುಗಳು ಬೆಟ್ಟಗಳ ಬುಡದಲ್ಲಿ ಮಾತ್ರ. ಉತ್ತರದಲ್ಲಿ 1,478 ಮೀಟರ್ ಎತ್ತರದ ನಂದಿಬೆಟ್ಟವಿದೆ. ಅದರ ಸುತ್ತಿನ ಬೆಟ್ಟಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಸೀಮೆಯನ್ನು ಹಾಯ್ದು ತಮಿಳುನಾಡಿಗೆ ಹೋಗುತ್ತದೆ. ನದಿಯೆಂದು ಹೇಳಿದರೂ ಬಹುಕಾಲ ನೀರು ಕಾಣದ ಹಳ್ಳವದು. ಹಾಗಾಗಿ ನಮ್ಮ ಹಿರಿಯರು ಒಂದರ ಕೋಡಿ ಇನ್ನೊಂದನ್ನು ತುಂಬುವಂತೆ ಕೆರೆಗಳ ಸರಪಣಿಯನ್ನೇ ಕಟ್ಟಿದರು. ಊರಿಂದೂರಿಗೆ ಹೋಗುವ ಹಲವು ಒಳದಾರಿಗಳು ಕೆರೆ ಏರಿಗಳ ಮೇಲೆಯೇ ಸಾಗುತ್ತವೆ. ಏರಿಯ ದಾರಿ ಮಟ್ಟಸವಾಗಿರುವುದರಿಂದ ಸೈಕಲ್ ಸವಾರನಿಗೆ ಹಿತ.

ಫ್ರಾನ್ಸ್ ದೇಶದ ನಡುಭಾಗದಲ್ಲಿ ಮಿಲ್ವಾಶ್ ಎಂಬ ಇಂತಹುದೇ ಒಂದು ಪ್ರಸ್ಥಭೂಮಿಯುಂಟು. ಅದರ ಅತ್ಯುನ್ನತ ಸ್ಥಳವೂ 1,000 ಮೀಟರನ್ನು ಮುಟ್ಟುವುದಿಲ್ಲ. ಆ ಹೆಸರನ್ನು ಇದ್ದಂತೆಯೇ ಓದಿದರೆ ‘ಸಾವಿರ ಹಸುಗಳು’ ಎಂದಾಗುತ್ತದೆ. ಅದು ಚಿಲುಮೆಗಳನ್ನು ಸೂಚಿಸುವ ಹಳೆಯ ಮಾತೆಂದು ವಾದಿಸುವವರೂ ಇದ್ದಾರೆ. ವಿಯೆನ್, ಕ್ರೂಸ್ ಮೊದಲಾದ ನದಿಗಳು ಹುಟ್ಟುವುದು ಅಲ್ಲಿಯೇ. ಯುರೋಪಿನ ಸೈಕಲ್ ಸವಾರರು ಅಲ್ಲಿಯ ನಿಶ್ಶಬ್ದ ರಸ್ತೆಗಳನ್ನು ಅರಸಿ ಹೋಗುವರು. ಆ ನಿಶ್ಶಬ್ದಕ್ಕೆ ಒಂದು ದುಃಖದ ಹಿನ್ನೆಲೆಯಿದೆ. ಆ ಸೀಮೆಯ ಕಲ್ಲುಕುಟಿಗರು ತಲೆಮಾರುಗಟ್ಟಲೆ ಪ್ಯಾರಿಸ್ ನಗರವನ್ನು ಕಟ್ಟಲು ಗುಳೆ ಹೋದರು, ಹಳ್ಳಿಗಳು ಬರಿದಾದವು, ರಸ್ತೆಗಳು ಉಳಿದವು. ಕೋಲಾರದ ಸೀಮೆಯಿಂದಲೂ ನಿತ್ಯ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಆದರೂ ನಮ್ಮ ಹಳ್ಳಿಗಳು ಬರಿದಾಗಿಲ್ಲ. ಬೆಳಗಿನ ಆರು ಗಂಟೆಗೆ ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತವರು, ಕುರಿ ಹೊಡೆದುಕೊಂಡು ಹೋಗುವವರು ಆ ದಾರಿಯ ನಿಜವಾದ ಒಡೆಯರು. ನಾವು ಅತಿಥಿಗಳು.

ಇನ್ನು ನಗರದಿಂದ ಹೊರಬೀಳುವ ಬಗೆ. ಹಲಸೂರು ಸೋಮೇಶ್ವರನ ಗುಡಿಯಿಂದ ಹೊಸಕೋಟೆಗೆ ಇಪ್ಪತ್ತೈದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಟಿನ್ ಫ್ಯಾಕ್ಟರಿ, ಕೃಷ್ಣರಾಜಪುರದ ತೂಗುಸೇತುವೆ, ಎಲೆ ಮಲ್ಲಪ್ಪ ಶೆಟ್ಟಿ ಕೆರೆ, ಬೂದಿಗೆರೆ ಕ್ರಾಸ್ ಇವೆಲ್ಲವನ್ನೂ ಲಾರಿಗಳ ನಡುವೆ ದಾಟಬೇಕು. ವೀಳ್ಯದೆಲೆಯ ವ್ಯಾಪಾರದಿಂದ ಗಳಿಸಿದ ಹಣವನ್ನು ಕೆರೆ ಕಟ್ಟಿಸಲು ವಿನಿಯೋಗಿಸಿದ ಆ ಪುಣ್ಯಾತ್ಮನ ಹೆಸರನ್ನು ನಿತ್ಯ ಬಸ್ಸಿನಲ್ಲಿ ಕೇಳುವ ನಾವು ಕೆರೆಯ ಕಡೆಗೆ ತಲೆಯೆತ್ತಿ ನೋಡುವುದೇ ವಿರಳ. ಈ ಭಾಗವನ್ನು ಮಕ್ಕಳೊಡನೆ ಸೈಕಲ್ಲಿನಲ್ಲಿ ಕ್ರಮಿಸಲೇಬಾರದು. ಕಾರಿನ ಹಿಂದೆ ಕಟ್ಟಿಕೊಂಡೋ, ನಾಲ್ಕು ಮನೆಯವರು ಸೇರಿ ಒಂದು ಸಾಮಾನಿನ ಆಟೋ ಮಾಡಿಕೊಂಡೋ ಹೊಸಕೋಟೆ ತಲುಪುವುದು ವಿವೇಕ. ಮಡಚುವ ಸಣ್ಣ ಸೈಕಲ್ಲುಗಳನ್ನು ಮೆಟ್ರೋದಲ್ಲಿ ಒಯ್ಯಲು 2022ರಿಂದ ಅವಕಾಶವಿದೆ. 2023ರಲ್ಲಿ ನೇರಳೆ ಮಾರ್ಗವು ವೈಟ್‌ಫೀಲ್ಡಿನ ಕಾಡುಗೋಡಿಯವರೆಗೆ ಪೂರ್ಣಗೊಂಡ ಮೇಲೆ ಅಲ್ಲಿ ಇಳಿದು ಸಮೇತನಹಳ್ಳಿಯ ಕಡೆಗೆ ಹೊರಡುವುದೂ ಸಾಧ್ಯ. ಆದರೆ ಆ ದಿಕ್ಕಿನಲ್ಲಿ ದೇವನಗೊಂದಿಯ ತೈಲ ಸಂಗ್ರಹಾಗಾರಗಳ ಟ್ಯಾಂಕರುಗಳೂ, ಮುಂದೆ ಮಾಲೂರಿನ ಇಟ್ಟಿಗೆ ಲಾರಿಗಳೂ ಎದುರಾಗುವುವು. ಪಳಗಿದವರಿಗೆ ಮಾತ್ರ ಆ ದಾರಿ.

ಹೊಸಕೋಟೆಯಲ್ಲಿ ಅವಿಮುಕ್ತೇಶ್ವರನ ದರ್ಶನ ಮಾಡಿ ಹೊರಡಬಹುದು. ಹೊಸದಾಗಿ ಸೈಕಲ್ ಹತ್ತಿದವರಿಗೆ ಊರ ದೊಡ್ಡ ಕೆರೆಯ ಕಡೆಯ ದಾರಿಯೇ ಮೊದಲ ದಿನಕ್ಕೆ ಸಾಕು. ಚಳಿಗಾಲದಲ್ಲಿ ಅಲ್ಲಿ ಹಕ್ಕಿಗಳನ್ನು ನೋಡುತ್ತ ಮಕ್ಕಳಿಗೆ ಹೊತ್ತು ಹೋದದ್ದೇ ತಿಳಿಯದು. ಸ್ವಲ್ಪ ಅಭ್ಯಾಸವಾದವರು ಈಶಾನ್ಯಕ್ಕೆ ನಂದಗುಡಿಯ ಕಡೆಗೆ ಹೊರಡಲಿ. ಚಿಂತಾಮಣಿಗೆ ಹೋಗುವ ರಾಜ್ಯ ಹೆದ್ದಾರಿಯನ್ನು ಹಿಡಿಯದೆ, ಅದರ ಎಡಬಲದ ಗ್ರಾಮರಸ್ತೆಗಳನ್ನು ಹಿಡಿಯಬೇಕು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ರಲ್ಲಿ ಆರಂಭವಾದಂದಿನಿಂದ ಡಾಂಬರು ಕಂಡ ಇಂತಹ ಕಿರಿದಾದ ರಸ್ತೆಗಳಲ್ಲಿ ಒಂದು ಬಸ್ಸು ಬಂದರೆ ಇನ್ನೊಂದು ಪಕ್ಕಕ್ಕೆ ಸರಿಯಬೇಕು. ಅವುಗಳ ಕಿರಿದುತನವೇ ನಮಗೆ ರಕ್ಷೆ.

ಆ ದಿಕ್ಕಿನಲ್ಲಿ ಮುಂದುವರಿದರೆ ಕೈವಾರ. ಬಕಾಸುರನನ್ನು ಕೊಂದ ಭೀಮನು ಪ್ರತಿಷ್ಠಾಪಿಸಿದನೆಂದು ನಂಬಲಾದ ಭೀಮಲಿಂಗೇಶ್ವರನ ಗುಡಿ ಅಲ್ಲಿದೆ. ಕೈವಾರದ ನಾರಾಯಣಪ್ಪನವರು ಯೋಗಿಗಳಾಗುವ ಮುನ್ನ ಬಳೆಯ ಮಲಾರವನ್ನು ಹೆಗಲಿಗೇರಿಸಿ ಇದೇ ಹಳ್ಳಿಗಳಲ್ಲಿ ತಿರುಗಿದವರು. ನಮ್ಮ ಚರಜಂಗಮರೂ ಊರಿಂದೂರಿಗೆ ನಡೆದೇ ಹೋಗುತ್ತಿದ್ದರು; ಒಂದೆಡೆ ನಿಲ್ಲದಿರುವುದೇ ಅವರ ವ್ರತ. ಭಾನುವಾರದ ಸೈಕಲ್ ಸವಾರಿಯನ್ನು ಆ ಸಂಚಾರಕ್ಕೆ ಹೋಲಿಸುವುದು ಅತಿಯಾದೀತು. ಆದರೂ ಕಾರಿನ ಗಾಜಿನೊಳಗಿನಿಂದ ಕಾಣದ ಊರು ಪೆಡಲು ತುಳಿಯುವವನಿಗೆ ಕಾಣುತ್ತದೆ, ಅವನನ್ನು ನಿಲ್ಲಿಸಿ ಮಾತನಾಡಿಸುತ್ತದೆ.

ಕೋಲಾರದ ಕಡೆಗೆ ಹೋಗುವವರು ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿ ಬದಲಾಗುವ ಹೊತ್ತನ್ನು ತಪ್ಪಿಸಿಕೊಳ್ಳಬೇಕು. ಈ ಸೀಮೆಯ ಕೆರೆಗಳನ್ನು ಕುರಿತು ನಮ್ಮ ಓದುಗರಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಹಲಸೂರು, ಇಂದಿರಾನಗರಗಳ ಬಚ್ಚಲ ನೀರು ಹರಿಯುವುದು ಕೋರಮಂಗಲ-ಚಲ್ಲಘಟ್ಟ ಕಣಿವೆಗೆ. ಅದನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹಾಯಿಸುವ ಯೋಜನೆಯ ನೀರು 2018ರಲ್ಲಿ ಮೊದಲಿಗೆ ಲಕ್ಷ್ಮೀಸಾಗರದ ಕೆರೆಯನ್ನು ತಲುಪಿತು. ದಿನಕ್ಕೆ 440 ದಶಲಕ್ಷ ಲೀಟರ್ ಹರಿಸುವುದು ಅದರ ಗುರಿ. ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದಿದ್ದ ಕೆರೆಗಳಲ್ಲಿ ನೀರು ನಿಂತಿತು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಅಲ್ಲಿಯ ರೈತರು ಒತ್ತಾಯಿಸುತ್ತಲೇ ಬಂದಿದ್ದಾರೆ, ಅದು ನ್ಯಾಯವಾದ ಒತ್ತಾಯ. ಏರಿಯ ಮೇಲೆ ಸೈಕಲ್ ನಿಲ್ಲಿಸಿ ಆ ನೀರನ್ನು ನೋಡುವ ನಗರದ ಮಗುವಿಗೆ, ತನ್ನ ಮನೆಯ ಬಚ್ಚಲಿನಲ್ಲಿ ಸುರಿಯುವ ಸಾಬೂನು ಯಾರ ಹೊಲದ ಅಂಚಿಗೆ ಹೋಗಿ ಸೇರುತ್ತದೆಂಬುದನ್ನು ಬೇರೆ ಪಾಠದಲ್ಲಿ ಕಲಿಸುವುದು ಕಷ್ಟ.

ಕೋಲಾರದ ಊರಂಚಿನ ಶತಶೃಂಗ ಬೆಟ್ಟದಲ್ಲಿ ಅಂತರಗಂಗೆ. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಧುಮುಕುತ್ತದೆ. ಸೈಕಲ್ಲನ್ನು ಕೆಳಗೆ ಬಿಟ್ಟು ಮೆಟ್ಟಿಲು ಹತ್ತಬೇಕು. ಕೋತಿಗಳಿಂದ ಬುತ್ತಿಯನ್ನು ಕಾಪಾಡಿಕೊಳ್ಳುವುದು ಅವರವರ ಪುಣ್ಯ.

ಹೆಣ್ಣುಮಕ್ಕಳನ್ನು ಕಳುಹಿಸುವುದು ಹೇಗೆಂದು ಕೇಳುವ ತಾಯಂದಿರಿಗೆ ಒಂದು ವಿಷಯ ನೆನಪಿಸುವೆ. 2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲಾರಂಭಿಸಿತು. ಅದು ಕೋವಿಡ್ ಕಾಲದಲ್ಲಿ ನಿಲ್ಲುವವರೆಗೆ, ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಇಂತಹ ದಾರಿಗಳಲ್ಲಿಯೇ ಶಾಲೆಗೆ ಹೋಗಿ ಬಂದರು. ಅವರಿಗೆ ನಿತ್ಯದ ಕಾಯಕವಾಗಿದ್ದುದು ನಮ್ಮ ಮನೆಯ ಮಕ್ಕಳಿಗೆ ಭಾನುವಾರದ ಮಟ್ಟಿಗಾದರೂ ಏಕೆ ನಿಷಿದ್ಧವಾಗಬೇಕು? ಹಿರಿಯರೊಬ್ಬರು ಜೊತೆಗಿರಲಿ, ಗುಂಪಿನಲ್ಲಿ ಹೋಗಲಿ, ಅಷ್ಟೆ.

ದಾರಿಗಳು ಮಾತ್ರ ಕಾಯುವುದಿಲ್ಲ. ಒಂದು ಕಾಲಕ್ಕೆ ದ್ರಾಕ್ಷಿ ತೋಟಗಳ ನಡುವೆ ಸಾಗುತ್ತಿದ್ದ ಬೂದಿಗೆರೆಯ ರಸ್ತೆ ಇಂದು ವಿಮಾನ ನಿಲ್ದಾಣದ ಬಳಸುದಾರಿಯಾಗಿ, ಅಪಾರ್ಟ್‌ಮೆಂಟುಗಳ ಸಾಲಾಗಿ, ಸೈಕಲ್ಲಿಗೆ ಪರಕೀಯವಾಗಿದೆ. ಉಪನಗರ ವರ್ತುಲ ರಸ್ತೆ ದೇವನಹಳ್ಳಿಯ ಮಾರ್ಗವಾಗಿ ಹೊಸಕೋಟೆಯವರೆಗೆ 2024ರಲ್ಲಿ ತೆರೆಯಿತು. ಚೆನ್ನೈಗೆ ಹೋಗುವ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯೂ ಹೊಸಕೋಟೆಯಿಂದಲೇ ಹೊರಡುತ್ತದೆ. ಇವು ಹಾಯ್ದಲ್ಲೆಲ್ಲ ಊರಿನಿಂದ ಊರಿಗಿದ್ದ ನೇರದಾರಿ ತುಂಡಾಗಿ, ಕೆಳಸೇತುವೆ ಹುಡುಕಿ ಸುತ್ತಿ ಬರಬೇಕಾಗಿದೆ. ಬಡಾವಣೆಗಳ ಕಲ್ಲುಗಳು ರಾಗಿ ಹೊಲಗಳಲ್ಲಿ ನೆಡಲ್ಪಡುತ್ತಿವೆ. ಅಂತಹ ನಿವೇಶನಗಳನ್ನು ಕೊಳ್ಳುವವರಲ್ಲಿ ನಮ್ಮವರೂ ಇದ್ದಾರೆ; ಹೇಳದೆ ಬಿಡುವುದು ಸರಿಯಲ್ಲ.

ಕೊನೆಗೆ ಕೆಲವು ವ್ಯವಹಾರದ ಮಾತುಗಳು. ಬೆಳಗಿನ ಇಷ್ಟಲಿಂಗ ಪೂಜೆ ಮುಗಿಸಿ ಐದೂವರೆಗೆ ಮನೆ ಬಿಟ್ಟರೆ ಹತ್ತರೊಳಗೆ ಹಿಂದಿರುಗಬಹುದು. ಪ್ರತಿಯೊಬ್ಬರಲ್ಲಿಯೂ ಎರಡು ಬಾಟಲಿ ನೀರು, ತಲೆಗೆ ಹೆಲ್ಮೆಟ್, ಗುಂಪಿಗೆ ಒಂದು ಪಂಪು ಮತ್ತು ಪಂಕ್ಚರ್ ಸಾಮಗ್ರಿ ಇರಲಿ. ನಾಯಿ ಬೆನ್ನಟ್ಟಿದರೆ ವೇಗ ಹೆಚ್ಚಿಸದೆ ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಸುಗ್ಗಿಯ ದಿನಗಳಲ್ಲಿ ಕಣಕ್ಕೆ ಜಾಗವಿಲ್ಲದವರು ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆಯೇ ಒಕ್ಕಣೆಗೆ ಹರಡಿರುತ್ತಾರೆ. ಒಣಹುಲ್ಲಿನ ಮೇಲೆ ಚಕ್ರ ಜಾರುತ್ತದೆ. ಕಾಳಿನ ಮೇಲೆ ಹಾಯುವುದು ಮರ್ಯಾದೆಯೂ ಅಲ್ಲ. ಇಳಿದು ಅಂಚಿನಲ್ಲಿ ತಳ್ಳಿಕೊಂಡು ಹೋಗಿರಿ, ಒಕ್ಕುವವರನ್ನು ಮಾತನಾಡಿಸಿರಿ. ಮುಳಬಾಗಿಲಿನ ಆಚೀಚೆ ಇರುವ ಆವನಿಯ ರಾಮಲಿಂಗೇಶ್ವರ, ಕುರುಡುಮಲೆಯ ಸೋಮೇಶ್ವರ ಗುಡಿಗಳ ಸುತ್ತಿನ ದಾರಿಗಳನ್ನು ಮುಂದಿನ ಸಂಚಿಕೆಯಲ್ಲಿ ವಿವರಿಸುವೆ.