ನಡಿಗೆ ಬೆಟ್ಟದಲ್ಲಿ, ಒಲೆ ಅಂಗಳದಲ್ಲಿ

ಚಾರಣವೆಂದರೆ ನಗರವಾಸಿಗಳ ವಾರಾಂತ್ಯದ ವಿಹಾರವೆಂಬ ಭಾವನೆ ಮಲೆನಾಡಿನಲ್ಲಿ ಬೇರೂರಿದೆ. ಬೆಟ್ಟದ ಬುಡದಲ್ಲೇ ಬದುಕುವ ನಮಗೆ ಬೆಟ್ಟ ಹತ್ತುವ ಅಗತ್ಯವೇನೆಂದು ಹಲವರು ಕೇಳುತ್ತಾರೆ. ಅಗತ್ಯವಿದೆ, ನಗರದವರಿಗಿಂತ ತುಸು ಹೆಚ್ಚಾಗಿಯೇ ಇದೆ.

ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ದೊರೆತಿತ್ತು. ಸೊಪ್ಪು, ತರಗೆಲೆ, ಕಟ್ಟಿಗೆಗಾಗಿ ನಾಲ್ಕಾರು ಜನ ಕೂಡಿ ಬೆಟ್ಟಕ್ಕೆ ಹೋಗುತ್ತಿದ್ದರು. ಅದು ಮೈಮುರಿಯುವ ದುಡಿಮೆ, ಅದನ್ನು ವೈಭವೀಕರಿಸಬೇಕಾಗಿಲ್ಲ. ಆದರೆ ಅದರೊಡನೆ ನಡಿಗೆ, ಮಾತುಕತೆ, ಸಹಭೋಜನ ತಾವಾಗಿಯೇ ಒದಗುತ್ತಿದ್ದವು. ಇಂದು ಚೀಲದ ಗೊಬ್ಬರವೂ ಅಡುಗೆ ಅನಿಲವೂ ಮನೆಬಾಗಿಲಿಗೆ ಬಂದಿವೆ, ಮಕ್ಕಳು ಬೆಂಗಳೂರು ಸೇರಿದ್ದಾರೆ. ಎಲೆಚುಕ್ಕಿ ರೋಗ ತಗಲಿದ ತೋಟದ ಚಿಂತೆಯನ್ನು ರೈತ ಜಗಲಿಯಲ್ಲಿ ಒಬ್ಬನೇ ಕುಳಿತು ಮೆಲುಕು ಹಾಕುತ್ತಾನೆ.

ಈ ಮೆಲುಕನ್ನು ವಿಜ್ಞಾನವೂ ಗಮನಿಸಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿಸರ್ಗದ ನಡುವೆ 90 ನಿಮಿಷ ನಡೆದವರಲ್ಲಿ ನೋವಿನ ಯೋಚನೆಗಳಲ್ಲೇ ಸುತ್ತುವ ಪ್ರವೃತ್ತಿ ತಗ್ಗಿತು. ವಾಹನ ದಟ್ಟಣೆಯ ರಸ್ತೆಯಲ್ಲಿ ನಡೆದವರಲ್ಲಿ ತಗ್ಗಲಿಲ್ಲ. ಅದು ಆರೋಗ್ಯವಂತರಾದ 38 ಜನರ ಚಿಕ್ಕ ಅಧ್ಯಯನ. ಅದನ್ನು ಹಿಡಿದು ನಡಿಗೆಯೇ ಔಷಧವೆಂದು ಸಾರಲಾಗದು. ನಿದ್ರೆಗೆಟ್ಟವರನ್ನು, ಸಾವಿನ ಮಾತಾಡುವವರನ್ನು ವೈದ್ಯರಲ್ಲಿಗೆ ಕರೆದೊಯ್ಯಲೇಬೇಕು. ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆ ಪ್ರತಿ ಮನೆಯ ಗೋಡೆಯ ಮೇಲಿರಲಿ.

ನಡಿಗೆಯಷ್ಟೇ ಮುಖ್ಯವಾದುದು ಕೂಡಿ ಮಾಡುವ ಅಡುಗೆ. ಒಬ್ಬರು ಸೌದೆ ಸೀಳಬೇಕು, ಒಬ್ಬರು ನೀರು ತರಬೇಕು, ಇನ್ನೊಬ್ಬರು ಅಪ್ಪೆಹುಳಿಗೆ ಒಗ್ಗರಣೆ ಹಾಕಬೇಕು. ಕುಗ್ಗಿದ ಮನಸ್ಸಿಗೆ ಧೈರ್ಯದ ಉಪದೇಶಕ್ಕಿಂತ ಕೈಗೊಂದು ಕೆಲಸ ಲೇಸು. ಮುಖಾಮುಖಿ ಹೇಳಲಾಗದ ಸಾಲದ ಸಂಗತಿ ಒಲೆಯ ಉರಿ ನೋಡುತ್ತ ಹೊರಬರುವುದುಂಟು. ಆದರೆ ಅಂದೂ ಹೆಂಗಸರೇ ಒಲೆಯ ಮುಂದೆ ಉಳಿದರೆ ಅವರಿಗೇನು ಬಿಡುಗಡೆ? ಅಂದು ಗಂಡಸರು ಅನ್ನ ಬಸಿಯಲಿ.

ಒಂದು ಕಟ್ಟುಪಾಡು ಮಾತ್ರ ಸಡಿಲವಾಗಬಾರದು. ಒಲೆ ಕಾಡಿನೊಳಗೆ ಬೇಡ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ. ಬೇಸಿಗೆಯಲ್ಲಿ ಒಂದು ಕಿಡಿಗೆ ಇಡೀ ಬೋಳುಗುಡ್ಡದ ಹುಲ್ಲು ಬೂದಿಯಾಗುತ್ತದೆ. ನಡಿಗೆ ಬೆಟ್ಟದಲ್ಲಿರಲಿ, ಅಡುಗೆ ಯಾರದಾದರೂ ಅಂಗಳದಲ್ಲಿರಲಿ. ಮಂಗನ ಕಾಯಿಲೆ ಕಾಣಿಸಿಕೊಳ್ಳುವ ತಿಂಗಳುಗಳಲ್ಲಿ ಕಾಡಿನ ದಾರಿ ಬಿಟ್ಟು ಗದ್ದೆಬಯಲಿನಲ್ಲಿ ನಡೆದರಾಯಿತು.

ಕಾಡು ಉಳಿಸಲು ಜಾಥಾ ನಡೆಸಿದ ನಾವು ಮನುಷ್ಯರನ್ನು ಉಳಿಸಲು ತಿಂಗಳಿಗೊಮ್ಮೆ ನಡೆಯಲಾರೆವೇ? ಹೊರಡುವ ಮುನ್ನ ಯಾರು ಬಂದಿಲ್ಲವೆಂದು ಎಣಿಸೋಣ. ಅವರ ಮನೆಯಂಗಳದಿಂದಲೇ ನಡಿಗೆ ಆರಂಭವಾಗಲಿ.