ಫೈನಲ್ ಬೆಂಗಳೂರಿನದು, ನಮಗೇನು?

ಆರ್‌ಸಿಬಿ ಸೋತರೆ ರಾತ್ರಿ ಊಟ ಬಿಡೋರು ನಮ್ಮ ದಾವಣಗೆರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೆಂಗಳೂರು ಎಫ್‌ಸಿ ಫೈನಲ್ ಸೋತಿತು ಅಂತ ಹೇಳಿ ನೋಡಿ, "ಅದು ಬೆಂಗಳೂರಿನೋರ ಟೀಮು ಬಿಡಪ್ಪ, ನಮಗೇನು?" ಅಂತಾರೆ. ಅಲ್ಲಾ ಸ್ವಾಮಿ, ಆರ್‌ಸಿಬಿ ಹೆಸರಲ್ಲಿರೋದೂ ಬೆಂಗಳೂರೇ ತಾನೆ? :-)

ಫುಟ್‌ಬಾಲ್ ಫೈನಲ್ ಅಂದ್ರೆ ಏನು ಅನ್ನೋದಕ್ಕೆ ಎರಡು ಪಂದ್ಯ ಸಾಕು. 2018ರ ಮಾರ್ಚ್ 17, ಕಂಠೀರವ ಕ್ರೀಡಾಂಗಣ. ಐಎಸ್‌ಎಲ್‌ಗೆ ಕಾಲಿಟ್ಟ ಮೊದಲ ವರ್ಷವೇ ಬೆಂಗಳೂರು 40 ಅಂಕ ಗಳಿಸಿ, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಅಂಕ ಮುಂದಿತ್ತು. ಫೈನಲ್‌ನಲ್ಲೂ ಅದೇ ಚೆನ್ನೈಯಿನ್. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಗೋಲು ಹೊಡೆದಾಗ ಕಪ್ ನಮ್ದೇ ಅನ್ನಿಸಿತ್ತು. ಆಮೇಲೆ ಎರಡು ಕಾರ್ನರ್, ಎರಡು ಸಲವೂ ಮೈಲ್ಸನ್ ಆಲ್ವೆಸ್ ತಲೆ ಕೊಟ್ಟ. ಕೊನೆಗೆ 3-2, ಕಪ್ ಚೆನ್ನೈಗೆ ಹೋಯ್ತು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ವಿರುದ್ಧ ಮತ್ತೆ ಫೈನಲ್. 90 ನಿಮಿಷ ಗೋಲಿಲ್ಲ. 117ನೇ ನಿಮಿಷಕ್ಕೆ ಒಂದು ಕಾರ್ನರ್, ರಾಹುಲ್ ಭೆಕೆ ತಲೆ, ಗೋಲು! ಕಾರ್ನರ್‌ನಲ್ಲಿ ಕಳಕೊಂಡದ್ದು ಕಾರ್ನರ್‌ನಲ್ಲೇ ಸಿಕ್ಕಿತು. ಆಮೇಲೆ 2023ರಲ್ಲಿ ಪೆನಾಲ್ಟಿಯಲ್ಲಿ ಸೋಲು, 2025ರಲ್ಲಿ ಕೋಲ್ಕತ್ತದಲ್ಲಿ ಹೆಚ್ಚುವರಿ ಸಮಯದಲ್ಲಿ ಸೋಲು. ನಾಲ್ಕು ಫೈನಲ್, ಒಂದೇ ಕಪ್.

ಇಷ್ಟೆಲ್ಲ ಇದ್ದೂ "ನಮಗೇನು" ಅನ್ನೋರನ್ನ ನಾನು ಪೂರ್ತಿ ಬೈಯಲಾರೆ. ಆ ಮಾತಲ್ಲೂ ಸತ್ಯ ಇದೆ. ಕರ್ನಾಟಕದ ಫುಟ್‌ಬಾಲ್ ಬೆಳೆದದ್ದೇ ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ, ಆಸ್ಟಿನ್ ಟೌನ್, ಹಲಸೂರಿನ ಗೌತಮಪುರದಂಥ ಕಡೆ. ಚೆನ್ನಾಗಿ ಆಡೋ ಹುಡುಗನಿಗೆ ಎಚ್‌ಎಎಲ್, ಐಟಿಐ ಅಂಥ ಕಾರ್ಖಾನೆಗಳು ಕೆಲಸ ಕೊಟ್ಟು ತಂಡ ಕಟ್ಟಿದವು. ನಮ್ಮಲ್ಲೂ ಹರಿಹರದಲ್ಲಿ ಕಿರ್ಲೋಸ್ಕರ್ ಇತ್ತು, ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದವು. ಅವು ಬಾಗಿಲು ಹಾಕಿದವು. ಆಟ ಆಡಿ ನೌಕರಿ ಹಿಡಿಯೋ ದಾರಿ ನಮಗೆ ಇನ್ನೆಲ್ಲಿ?

ಹರಿಹರದಲ್ಲಿರೋ ನಮ್ಮಕ್ಕನ ಮಗನಿಗೆ ಹನ್ನೆರಡು ವರ್ಷ. ಬೇಸಿಗೆಯಲ್ಲಿ ತುಂಗಭದ್ರೆ ಸಣ್ಣಗಾದಾಗ ಮರಳಲ್ಲಿ ಎರಡು ಚಪ್ಪಲಿ ಇಟ್ಟು ಗೋಲಿ ಆಗ್ತಾನೆ. ಟಿವಿಯಲ್ಲಿ ಫೈನಲ್ ನೋಡಿ, "ಮಾಮಾ, ನಾನು ಎಲ್ಲಿ ಸೇರಬೇಕು?" ಅಂತ ಕೇಳಿದ. ಅವನನ್ನ ಕರಕೊಂಡು ಹೋಗಿ ಸೇರಿಸೋಕೆ ಒಂದು ಜಾಗ ನನಗೆ ತಿಳೀಲಿಲ್ಲ. ಬೆಂಗಳೂರು ಇಲ್ಲಿಂದ ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರ್. ದಿನಾ ಪ್ರಾಕ್ಟೀಸಿಗೆ ರೈಲು ಹತ್ತಿಸೋಕಾಗುತ್ತಾ?

2023ರ ಮಾರ್ಚ್ 4ರಂದು ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ! ಅದು ಬೆಂಗಳೂರಿನ ಕ್ಲಬ್ ಅಲ್ಲ, ಇಡೀ ರಾಜ್ಯದ ತಂಡ. ನಮ್ಮೂರಲ್ಲಿ ಒಂದು ಪಟಾಕಿಯೂ ಹೊಡೀಲಿಲ್ಲ. ಹಾಗಾಗಿ ತೊಂದರೆ ಹೆಸರಿನದಲ್ಲ. ನಮ್ಮ ಬೀದಿಯಲ್ಲಿ ಆಡದ ಆಟ ಗೆದ್ದರೂ ನಮ್ಮದು ಅನ್ನಿಸಲ್ಲ, ಅಷ್ಟೇ.

ನಾನು ದೊಡ್ಡ ಸ್ಟೇಡಿಯಂ ಕೇಳ್ತಿಲ್ಲ. ದಾವಣಗೆರೆಗೊಂದು, ಹರಿಹರಕ್ಕೊಂದು ಮೈದಾನ, ಸಮಾವೇಶಕ್ಕೂ ಪಟಾಕಿ ಅಂಗಡಿಗೂ ಕೊಡದೆ ಆಟಕ್ಕೇ ಬಿಟ್ಟಂಥದ್ದು. ಸಂಬಳ ಕೊಟ್ಟು ಇಟ್ಟ ಒಬ್ಬ ಕೋಚ್. ಶಾಲೆ-ಶಾಲೆಗಳ ನಡುವೆ ವರ್ಷಕ್ಕೆ ನಾಲ್ಕು ತಿಂಗಳು ನಡೆಯೋ ಒಂದು ಲೀಗ್. ಬ್ಯಾಟು ಪ್ಯಾಡಿನ ಖರ್ಚಿಲ್ಲ, ಒಂದು ಚೆಂಡಿಗೆ ಇಪ್ಪತ್ತೆರಡು ಹುಡುಗರು ಆಡ್ತಾರೆ. ಇದಕ್ಕೆ ಜಿಲ್ಲೆಯ ದುಡ್ಡು ಸಾಕು, ಮನಸ್ಸು ಬೇಕು. ಏನಂತೀರಿ?