ಕೊಡುವಾಗ ಒಂದು ಸೇರು

2024ರ ನವೆಂಬರಿನಲ್ಲಿ ಫ್ಲೋರಿಡಾದ ನೂರು ಮತದಾರರಲ್ಲಿ ಐವತ್ತೇಳು ಮಂದಿ ಗರ್ಭಪಾತದ ಹಕ್ಕಿನ ಪರ ಮತ ಹಾಕಿದರು. ಹಾಕಿಯೂ ಸೋತರು. ಅಲ್ಲಿ ರಾಜ್ಯದ ಸಂವಿಧಾನ ತಿದ್ದಲು ಶೇ. 60 ಮತ ಬೇಕು. ಈ ನಿಯಮವನ್ನು 2006ರಲ್ಲಿ ಜನರ ಮತಕ್ಕಿಟ್ಟೇ ತಂದರು. ಆಗ ಅದಕ್ಕೆ ಬಿದ್ದದ್ದು ಶೇ. 57.8. ತಾನೇ ಎಳೆದ ಗೆರೆಯನ್ನು ದಾಟಲಾರದ ನಿಯಮವೊಂದು ಹೆಚ್ಚುಕಡಿಮೆ ಅಷ್ಟೇ ಮತ ಪಡೆದ ಇನ್ನೊಂದನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿತು.

ಅಮೆರಿಕದ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಜನರೇ ಸಹಿ ಕೂಡಿಸಿ ಒಂದು ಕಾನೂನನ್ನು ಮತಕ್ಕಿಡಬಹುದು. 1898ರಲ್ಲಿ ಸೌತ್ ಡಕೋಟಾ ತೆರೆದ ಹಾದಿ ಇದು. 2022ರಲ್ಲಿ ಸುಪ್ರೀಂ ಕೋರ್ಟು ಗರ್ಭಪಾತದ ವಿಷಯವನ್ನು ರಾಜ್ಯಗಳಿಗೇ ಬಿಟ್ಟುಕೊಟ್ಟ ಮೇಲೆ ಆ ಹಾದಿಯಲ್ಲಿ ನೂಕುನುಗ್ಗಲು. ಓಹಿಯೋದ ಶಾಸಕರು 2023ರ ಆಗಸ್ಟಿನಲ್ಲಿ, ನವೆಂಬರಿನ ಗರ್ಭಪಾತದ ಮತದಾನಕ್ಕೆ ಮೂರೇ ತಿಂಗಳಿರುವಾಗ, ಗೆಲುವಿನ ಗೆರೆಯನ್ನು ಶೇ. 60ಕ್ಕೆ ಏರಿಸಲು ಹೋದರು. ಜನ ಆಗಸ್ಟಿನಲ್ಲಿ ಅದನ್ನು ತಳ್ಳಿಹಾಕಿ, ನವೆಂಬರಿನಲ್ಲಿ ಹಕ್ಕನ್ನು ಗೆಲ್ಲಿಸಿದರು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅರಿಜೋನಾ. 2024ರಲ್ಲಿ ಅಲ್ಲಿಯವರು ಗರ್ಭಪಾತದ ಹಕ್ಕನ್ನು ಒಪ್ಪಿದರು. ಅದೇ ದಿನ, ಅದೇ ಮತಪತ್ರದಲ್ಲಿ, ಗಡಿಯನ್ನು ಅಕ್ರಮವಾಗಿ ದಾಟುವುದು ರಾಜ್ಯದ ಅಪರಾಧವೂ ಆಗಲಿ ಎಂಬ ಕಠಿಣ ವಲಸೆ ಕಾನೂನನ್ನೂ ಒಪ್ಪಿದರು. ಎರಡಕ್ಕೂ ಶೇ. 60 ದಾಟಿದ ಮತ. ಎಡ, ಬಲ ಎಂದು ಗೆರೆ ಎಳೆದು ಕೂತ ನಮ್ಮಂಥ ಪತ್ರಿಕೆಯವರ ಲೆಕ್ಕಕ್ಕೆ ಈ ಮತದಾರ ಸಿಗುವವನಲ್ಲ. ಆದರೆ ಸಹಿ ಸಂಗ್ರಹವನ್ನು ಕಷ್ಟಗೊಳಿಸುವ ಪ್ರಸ್ತಾವವನ್ನೂ, ಮತದಾನಕ್ಕೆ ಮೊದಲೇ ಜನರ ಪ್ರಸ್ತಾವಗಳನ್ನು ಕೋರ್ಟಿಗೆಳೆಯಲು ದಾರಿಮಾಡುವ ಇನ್ನೊಂದನ್ನೂ ಅವನು ತಿರಸ್ಕರಿಸಿದ. ತನ್ನ ಕೈಯ ಉಪಕರಣವನ್ನು ಯಾರಿಗೂ ಕೊಡಲಿಲ್ಲ.

ಇದು ನಮಗೆ ತೀರ ದೂರದ ಮಾತಲ್ಲ. ಬೆಳಗಾವಿಯ ಸವಿತಾ ಹಾಲಪ್ಪನವರ್ 2012ರಲ್ಲಿ ಐರ್ಲೆಂಡಿನ ಆಸ್ಪತ್ರೆಯಲ್ಲಿ, ಕೇಳಿದ ಗರ್ಭಪಾತ ಸಿಗದೆ, ತೀರಿಕೊಂಡರು. ಆ ಸಾವಿನ ನಂತರ ಎದ್ದ ಚಳವಳಿ 2018ರಲ್ಲಿ ಆ ದೇಶದ ಸಂವಿಧಾನವನ್ನೇ ಜನಮತದಿಂದ ಬದಲಿಸಿತು.

ಜನಮತವೆಲ್ಲ ನ್ಯಾಯವೆಂದು ನಾನು ಹೇಳುತ್ತಿಲ್ಲ. ದಾಖಲೆಯಿಲ್ಲದ ವಲಸಿಗ ಮಕ್ಕಳಿಗೆ ಸರ್ಕಾರಿ ಶಾಲೆ ಬೇಡವೆಂದು 1994ರಲ್ಲಿ ಕ್ಯಾಲಿಫೋರ್ನಿಯಾದ ಬಹುಮತವೇ ಹೇಳಿತ್ತು. ಅದನ್ನು ತಡೆದದ್ದು ಕೋರ್ಟು. ಸಂವಿಧಾನ ತಿದ್ದಲು ಎತ್ತರದ ಹೊಸ್ತಿಲಿರಲಿ, ಅದರಲ್ಲಿ ತಪ್ಪೇನಿಲ್ಲ. ಕೊಡುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು ಹಿಡಿಯುವುದು ಮಾತ್ರ ಮೋಸ.

ಮಿಸ್ಸೌರಿಯಲ್ಲಿ 2024ರಲ್ಲಿ ಗೆದ್ದ ಗರ್ಭಪಾತದ ಹಕ್ಕನ್ನು ರದ್ದು ಮಾಡಲು ಶಾಸನಸಭೆ 2026ಕ್ಕೆ ಮತ್ತೆ ಮತದಾನ ಗೊತ್ತುಮಾಡಿತು. ಜೊತೆಗೆ ಇನ್ನೊಂದು ಪ್ರಸ್ತಾವ: ಇನ್ನು ಮುಂದೆ ಜನರು ತರುವ ತಿದ್ದುಪಡಿ ರಾಜ್ಯದ ಎಂಟೂ ಸಂಸತ್ ಕ್ಷೇತ್ರಗಳಲ್ಲಿ ಗೆಲ್ಲಬೇಕು. ಶಾಸಕರು ತರುವ ತಿದ್ದುಪಡಿಗೆ ಈ ಷರತ್ತಿಲ್ಲ. ಈ ಪ್ರಸ್ತಾವ ಗೆಲ್ಲುವುದಕ್ಕೂ ಎಂಟು ಕ್ಷೇತ್ರ ಬೇಕಿಲ್ಲ, ರಾಜ್ಯದ ಸರಳ ಬಹುಮತ ಸಾಕು.